ಎಂಜಿನ್ ಆರಿಸಿ ಇಳಿಯುವ ಗಾಡಿ

ಮಂಜೂರು, ಕುಂದಾ
ಗುರುವಾರ, ೨೧ ನವೆಂಬರ್ ೨೦೨೪

ವಸಂತಾಮಣಿ ಅಕ್ಕನಿಗೆ, ನಿಮ್ಮ ತಮ್ಮನ ಹೆಂಡತಿ ಸಿಂಧುಜಾ ತಲೆ ಬಾಗಿ ಬರೆಯುವುದು.

ಈಗ ರಾತ್ರಿ ಎರಡೂಕಾಲು. ನನ್ನನ್ನು ಎಬ್ಬಿಸಿದ್ದು ಹ್ಯಾಂಡ್‌ಬ್ರೇಕ್ ಎಳೆದ ಕಟಕಟ ಸದ್ದು. ಅದಕ್ಕೂ ಮುಂಚೆ ಏನೂ ಕೇಳಿಸಿರಲಿಲ್ಲ. ನಮ್ಮ ಪಿಕಪ್ ಬಂದರೆ ಕೇಳಿಸುವುದೇ ಇಲ್ಲ ಅಕ್ಕ, ನಿಮಗೇ ಗೊತ್ತು. ಮೇಲಿನ ಚಹಾ ಎಲೆಯ ಶೆಡ್ಡಿನ ಹತ್ತಿರವೇ ನಿಮ್ಮ ತಮ್ಮ ಕೀ ಆರಿಸಿಬಿಡುತ್ತಾರೆ. ಅಲ್ಲಿಂದ ಅಂಗಳದವರೆಗೆ ಗಾಡಿ ತಾನಾಗಿ ಉರುಳಿಕೊಂಡು ಬರುತ್ತದೆ, ಜಲ್ಲಿಯ ಮೇಲೆ ಟಯರಿನ ಮೆಲ್ಲನೆಯ ಸದ್ದೊಂದು ಬಿಟ್ಟರೆ ಬೇರೇನಿಲ್ಲ. ಸೆಲ್ವ ಚಕ್ರಕ್ಕೆ ಕಲ್ಲು ಕೊಟ್ಟರು, ಕಾಲು ತೊಳೆದರು, ಮಲಗಿದರು. ಈಗ ಗೊರಕೆ ಕೇಳಿಸುತ್ತಿದೆ. ನನ್ನ ನಿದ್ದೆ ಹಾರಿಹೋಯಿತು.

ದೀಪಾವಳಿಗೇ ಬರೆಯುತ್ತೇನೆ ಎಂದವಳು ಇಷ್ಟು ದಿನ ಸುಮ್ಮನಿದ್ದೆ, ಕ್ಷಮಿಸಿ. ನೀವು ಗೂಡಲೂರಿನಿಂದ ಕಳಿಸಿದ ಉಣ್ಣೆ ಟೋಪಿ ಮಗಳು ಯಾಳಿನಿಗೆ ಸರಿಯಾಗಿದೆ. ತಲೆಗೆ ಹಾಕಿದರೆ ಕಿತ್ತು ಅಜ್ಜಿಯ ತಲೆಗೆ ಇಡುತ್ತಾಳೆ. ಅತ್ತೆಯೂ ಅದನ್ನು ಇಟ್ಟುಕೊಂಡೇ ಚಹಾ ಕಾಸುತ್ತಾರೆ. ಫೋನಿನಲ್ಲಿ ಮಾತಾಡಿದ್ದು ಗಾಳಿಗೆ ಹೋಗುತ್ತದೆ, ಕಾಗದ ಬರೆ, ಕನ್ನಡದಲ್ಲೇ ಬರೆ ಎಂದಿದ್ದಿರಿ. ನೀವು ಬಿ.ಎಡ್. ಮಾಡಿದ್ದು ಮೈಸೂರಿನಲ್ಲಿ, ನಾನು ಅಪ್ಪನ ಕೆಲಸದ ದೆಸೆಯಿಂದ ಓದಿ ಬೆಳೆದದ್ದೂ ಅಲ್ಲೇ. ಈ ಮನೆಯಲ್ಲಿ ಕನ್ನಡ ಅಕ್ಷರ ಓದಬಲ್ಲವರು ನನ್ನ ಬಿಟ್ಟರೆ ಯಾರೂ ಇಲ್ಲ. ಅದಕ್ಕೇ ಇವತ್ತು ಹೀಗೆ ಬರೆಯುವ ಧೈರ್ಯ ಬಂದದ್ದು. ಬರೆದು ಮುಗಿಸಿ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಅಡುಗೆಮನೆಯ ಕಿಟಕಿಯಲ್ಲಿ ಸಿಗ್ನಲ್ ಸಿಗುತ್ತದೆ. ನೀವು ನಾಲ್ಕಕ್ಕೆ ಏಳುವವರು, ಎದ್ದೊಡನೆ ನೋಡುತ್ತೀರೆಂದು ನಂಬಿದ್ದೇನೆ.

ವಿಷಯ ಇದು. ಯಾಳಿನಿಯ ಕಿವಿ ಒಂದು ತಿಂಗಳಿಂದ ಸೋರುತ್ತಿದೆ. ಕೊಯಮತ್ತೂರಿನಲ್ಲಿ ಮಕ್ಕಳ ಕಿವಿ ನೋಡುವ ಡಾಕ್ಟರು ಗುರುವಾರ ಬೆಳಿಗ್ಗೆ ಮಾತ್ರ ಸಿಗುತ್ತಾರೆ. ಸೆಲ್ವ ಬೆಳಗಿನ ಐದಕ್ಕೆ ಕ್ಯಾರೆಟ್ ಲೋಡಿನೊಂದಿಗೆ ಗೆದ್ದೈ ಘಾಟಿ ಇಳಿದು, ಮೇಟ್ಟುಪಾಳಯಂ ಮಂಡಿಯಲ್ಲಿ ಮೂಟೆ ಇಳಿಸಿ, ಹಾಗೇ ಮಗುವನ್ನು ಡಾಕ್ಟರ ಹತ್ತಿರ ಕರೆದೊಯ್ಯುವುದೆಂದು ತೀರ್ಮಾನ. ಅತ್ತೆ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದೆ ಕೂರುತ್ತಾರೆ. ನನಗೆ ಊಟಿಯಲ್ಲಿ ಲ್ಯಾಬ್ ಪರೀಕ್ಷೆ. ಹೆದರಿಕೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ತುಂಬಿದ ಗಾಡಿ, ಆ ತಿರುವುಗಳು, ನನ್ನ ಮಗು. ಮತ್ತು ಇವರು ಎಂಜಿನ್ ಆರಿಸಿಯೇ ಇಳಿಯುತ್ತಾರೆ.

ಕೇಳಬೇಕಾದ್ದನ್ನು ಕೇಳುವ ಮೊದಲು ಹೇಳಬೇಕಾದ್ದು ಒಂದಿದೆ. ನಿಮಗೆ ನಾನು ಸರಿಯಾಗಿ ಒಂದು ಸಲವೂ ಕೃತಜ್ಞತೆ ಹೇಳಿಲ್ಲ ಅಕ್ಕ.

ಬಿ.ಎಸ್ಸಿ. ಆದವರಿಗೆ ಎಂಜಿನಿಯರಿಂಗ್‌ನಲ್ಲಿ ನೇರ ಎರಡನೆಯ ವರ್ಷಕ್ಕೆ ಸೀಟು ಕೊಡುತ್ತಾರೆಂದು ಹುಡುಕಿ ಹೇಳಿದವರು ನೀವು. ಆಗ ಯಾಳಿನಿ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಆಟೊಮೊಬೈಲ್ ಎಂದಾಗ ಅತ್ತೆ ಅದೇನು ಬಸ್ಸು ಬಿಡುವ ಓದಾ ಎಂದು ಕೇಳಿದ್ದರು. ನೀವು ಎರಡು ಬಸ್ಸು ಬದಲಾಯಿಸಿ ಬಂದು, ಬಂದವರು ಚಹಾ ಕೂಡ ಮುಟ್ಟದೆ ಒಲೆಯ ಮುಂದೆ ಕೂತು, ನಿಮ್ಮ ಅವ್ವನಿಗೆ ಹೇಳಿದ ಮಾತು ನನ್ನ ಕಿವಿಯಲ್ಲಿ ಹಾಗೇ ಇದೆ.

"ಈ ಮನೆ ಗಾಡಿಯಿಂದ ಉಂಡದು, ಗಾಡಿಯಿಂದ ಅತ್ತದು. ಒಬ್ಬಳಾದರೂ ಅದರ ಹೊಟ್ಟೆಲಿ ಏನಿದೆ ಅಂತ ನೋಡಲಿ, ಅವ್ವೆ."

ಅತ್ತೆ ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡರು, ಅಷ್ಟೆ. ಅದೇ ಒಪ್ಪಿಗೆ. ಅವತ್ತು ಸೆಲ್ವ ಅಂಗಳದಲ್ಲೇ ನಿಂತಿದ್ದರು. ನೀವು ಬರುವಾಗಲೂ ಹೋಗುವಾಗಲೂ ಅವರ ಮುಖ ನೋಡದೆ ಪಕ್ಕದಲ್ಲೇ ದಾಟಿದಿರಿ. ನಿಮ್ಮ ಚೀಲವನ್ನು ಬಸ್‌ಸ್ಟಾಪಿನವರೆಗೆ ಹೊತ್ತು ತಂದು ಕಟ್ಟೆಯ ಮೇಲಿಟ್ಟು ದೂರ ಸರಿದು ನಿಂತರಲ್ಲ, ನೀವು ನೋಡಲಿಲ್ಲ. ನಾನು ನೋಡಿದೆ.

ಕಾಲೇಜು ನನಗೆ ಎಷ್ಟು ಕೊಟ್ಟಿದೆ ಎಂದು ಹೇಗೆ ಹೇಳಲಿ. ಕ್ಲಾಸಿನಲ್ಲಿ ಹುಡುಗರು ನನ್ನನ್ನು ಅಕ್ಕಾ ಅನ್ನುತ್ತಾರೆ. ಒಬ್ಬ ತರಲೆ ಆಂಟಿ ಅಂದ, ಅವತ್ತಿನಿಂದ ಅವನಿಗೆ ನನ್ನ ನೋಟ್ಸ್ ಇಲ್ಲ. ಈಗ ಒಳ್ಳೆಯ ಅಕ್ಕಾ ಎಂದು ಹಿಂದೆ ಹಿಂದೆ ಬರುತ್ತಾನೆ. ಎಂಜಿನ್ ವ್ಯವಸ್ಥೆಗಳ ಪಾಠ ಮಾಡುವ ನಂಜುಂಡನ್ ಸರ್ ಬೋರ್ಡಿನ ಮೇಲೆ ಬರೆಯುವುದು ಕಡಿಮೆ. ಮೊದಲ ದಿನವೇ ಸೀಳಿಟ್ಟ ಒಂದು ಹಳೆಯ ಎಂಜಿನ್ನಿನ ಮುಂದೆ ನಿಲ್ಲಿಸಿ, ಕೈಯಿಂದ ಚಕ್ರ ತಿರುಗಿಸಿ ತೋರಿಸಿದರು. ಪಿಸ್ಟನ್ ಕೆಳಗೆ ಬರುತ್ತದೆ, ಗಾಳಿಯನ್ನು ಒಳಗೆಳೆಯುತ್ತದೆ. ಮೇಲೆ ಹೋಗುತ್ತದೆ, ಅದುಮುತ್ತದೆ. ಡೀಸೆಲ್ ಉರಿಯುತ್ತದೆ, ಪಿಸ್ಟನ್ ಒದೆಸಿಕೊಂಡು ಕೆಳಗೆ ಬರುತ್ತದೆ. ಮತ್ತೆ ಮೇಲೆ ಹೋಗಿ ಹೊಗೆಯನ್ನು ಹೊರಗೆ ದಬ್ಬುತ್ತದೆ. ನಾಲ್ಕೇ ಕೆಲಸ, ಗಾಡಿಯ ಆಯುಸ್ಸೆಲ್ಲ ಅದೇ. ಮನೆಗೆ ಬಂದು ಅತ್ತೆಗೆ ಅಕ್ಕಿ ಆರಿಸುತ್ತಾ ಇದನ್ನು ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಆಮೇಲೆ, ಉಂಬದು, ಅಮುಕುವದು, ಉರಿವದು, ಹೊಗೆ ಬಿಡುವದು, ಇದ ನೋಡೋಕ ಊಟಿಗ ಏಕ ಹೋಪೆ, ನಿನ್ನ ಮಾವನ ಜೊತೆ ನಾ ನಲವತ್ತು ವರ್ಷ ಓದಿದೆ ಎಂದರು. ನಾನು ನಕ್ಕು ನಕ್ಕು ಅಕ್ಕಿ ಚೆಲ್ಲಿದೆ. ಈಗ ಯಾಳಿನಿ ಹಟ ಮಾಡಿದರೆ, ಇದೋ ಮೂರನೆಯದು ಶುರು ಅನ್ನುತ್ತಾರೆ.

ನಿಮ್ಮ ತಮ್ಮನಿಗೂ ನಾನು ಋಣಿ. ಅದನ್ನು ನಿಮಗೆ ಹೇಳಬಾರದೆಂದು ಇಷ್ಟು ದಿನ ಇದ್ದೆ, ಇವತ್ತು ಹೇಳುತ್ತೇನೆ. ಮಂಜಿನಲ್ಲಿ ನನ್ನನ್ನು ಆರು ಗಂಟೆಯ ಬಸ್ಸಿಗೆ ಬಿಟ್ಟು, ಬಸ್ಸು ತಿರುಗುವವರೆಗೂ ನಿಂತಿರುತ್ತಾರೆ. ಮಗುವಿನ ಬಟ್ಟೆ ಒಗೆಯುತ್ತಾರೆ. ಹಟ್ಟಿಯ ಗಂಡಸರು ಹಲ್ಲು ಬಿಟ್ಟರೆ, ನಿಮ್ಮ ಹೆಂಡರು ಎಲೆ ಕೀಳ್ತಾರೆ, ಎನ್ನ ಹೆಂಡತಿ ಎಂಜಿನ್ ಕೀಳ್ತಾಳೆ ಅನ್ನುತ್ತಾರಂತೆ. ಸಂಜೆ ಊಟಕ್ಕೆ ಕೂತರೆ ಮೊದಲ ಪ್ರಶ್ನೆ ಇವತ್ತು ಏನು ಬಿಚ್ಚಿದಿರಿ ಎಂದೇ. ಕೂಲಿಂಗ್, ಲೂಬ್ರಿಕೇಷನ್, ಕ್ಲಚ್ಚು, ಗೇರುಪೆಟ್ಟಿಗೆ, ಎಲ್ಲವನ್ನೂ ಕೇಳಿಸಿಕೊಂಡರು. ನಾನು ಪುಸ್ತಕದ ಹೆಸರು ಹೇಳಿದರೆ ಅವರು ವರ್ಕ್‌ಶಾಪಿನ ಹೆಸರು ಹೇಳುವರು, ಇಬ್ಬರಿಗೂ ನಗು. ಬ್ರೇಕಿನ ಪಾಠ ಬರುವವರೆಗೆ ಹಾಗಿತ್ತು.

ನಮ್ಮ ಹಟ್ಟಿಗಳ ಪದ್ಧತಿ ನಿಮಗೆ ಗೊತ್ತು. ಎಲೆಯ ಗಾಡಿ ಇರಲಿ, ತರಕಾರಿಯದಿರಲಿ, ಇಳಿಜಾರು ಬಂದರೆ ಕೀ ಆರಿಸುವುದು. ಎಂಜಿನ್ ಓಡಿಸಿಕೊಂಡು ಇಳಿಯುವವನನ್ನು ಹೊಸಬ ಎಂದು ಕೂಗಿ ನಗುವುದು. ನಿಮ್ಮ ಯಜಮಾನರು ಗಿರಿಧರಣ್ಣ ಇದ್ದಾಗ ಹೇಳುತ್ತಿದ್ದರಲ್ಲ, ಇಳಿಜಾರು ದೇವರು ಕೊಟ್ಟದು, ಅದಕ ಡೀಸೆಲ್ ಏಕ ಅಂತ. ನನ್ನ ಮದುವೆಯ ದಿಬ್ಬಣವನ್ನೂ ಅವರು ಹಾಗೇ ಇಳಿಸಿದ್ದರು. ಕಿಟಕಿಯಲ್ಲಿ ಗಾಳಿ ಮಾತ್ರ. ನಾನು ಮೈಸೂರಿನಿಂದ ಬಂದವಳು, ಎಷ್ಟು ನಯವಾಗಿ ಓಡಿಸುತ್ತಾರೆ ಎಂದುಕೊಂಡಿದ್ದೆ.

ನಂಜುಂಡನ್ ಸರ್ ಈ ಪದ್ಧತಿ ಕೇಳಿ ಬೈಯಲಿಲ್ಲ. ತಾವೂ ಕೋತಗಿರಿ ಕಡೆಯವರೇ, ತಮ್ಮ ಅಪ್ಪನೂ ಹಾಗೇ ಇಳಿಸುತ್ತಿದ್ದರು ಎಂದರು. ಈಗಿನ ಎಂಜಿನ್ನುಗಳಲ್ಲಿ ಗೇರು ಹಾಕಿ ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿದರೆ ಡೀಸೆಲ್ ತಾನಾಗಿಯೇ ನಿಲ್ಲುತ್ತದಂತೆ, ಒಂದು ಹನಿಯೂ ಹೋಗುವುದಿಲ್ಲವಂತೆ. ಚಕ್ರವೇ ಎಂಜಿನ್ನನ್ನು ತಿರುಗಿಸಬೇಕಾಗುತ್ತದೆ, ಎಂಜಿನ್ ತಿರುಗಲು ಒಲ್ಲೆ ಅನ್ನುತ್ತದೆ, ಆ ಒಲ್ಲೆ ಎನ್ನುವುದೇ ಗಾಡಿಯನ್ನು ಹಿಡಿದಿಡುತ್ತದೆ. ಲ್ಯಾಬಿನಲ್ಲಿ ಸೀಳದ ಎಂಜಿನ್ನೊಂದರ ಚಕ್ರವನ್ನು ನನ್ನ ಕೈಯಲ್ಲೇ ತಿರುಗಿಸಲು ಹೇಳಿದರು. ಎಷ್ಟು ದೂಡಿದರೂ ಅರ್ಧಕ್ಕೆ ಬಂದು ಉಸಿರು ಕಟ್ಟಿದಂತೆ ನಿಲ್ಲುತ್ತಿತ್ತು. ಮನೆಗೆ ಬಂದು ಡೀಸೆಲ್ಲಿನ ಮಾತು ಹೇಳಿದಾಗ ಸೆಲ್ವ ಮೊದಲ ಸಲ ನಗಲಿಲ್ಲ. ಆಗಲಿ ಎಂದರು, ಎದ್ದು ಕೈ ತೊಳೆದರು.

ಕಳೆದ ವಾರ ಬ್ರೇಕಿನ ಲ್ಯಾಬ್. ನಿಂತ ಜೀಪಿನಲ್ಲಿ ಒಬ್ಬೊಬ್ಬರನ್ನಾಗಿ ಕೂರಿಸಿ, ಎಂಜಿನ್ ಚಾಲೂ ಇರುವಾಗ ಒಮ್ಮೆ ತುಳಿಯಿರಿ, ಆರಿಸಿ ಮತ್ತೆ ಮತ್ತೆ ತುಳಿಯಿರಿ ಎಂದರು ಸರ್. ನಮ್ಮ ಕಾಲಿನ ಜೊತೆ ಒಂದು ಬೂಸ್ಟರ್ ಕೂಡ ಬ್ರೇಕನ್ನು ಒತ್ತುತ್ತದೆ, ಅದಕ್ಕೆ ಶಕ್ತಿ ಎಂಜಿನ್ನಿಂದ ಬರುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ನನ್ನ ಸರದಿ ಬಂತು. ಚಾಲೂ ಇದ್ದಾಗ ಪೆಡಲ್ ಬೆಣ್ಣೆಯಂತೆ ಇಳಿಯಿತು. ಆರಿಸಿ ತುಳಿದೆ, ಇಳಿಯಿತು. ಮತ್ತೊಮ್ಮೆ ತುಳಿದೆ, ಸ್ವಲ್ಪ ಗಟ್ಟಿ. ಆಮೇಲೆ ಕಲ್ಲು. ಅಕ್ಕ, ಇಡೀ ಮೈಭಾರ ಹಾಕಿ ತುಳಿದರೂ ಕಲ್ಲು. ಬ್ರೇಕು ಕೆಟ್ಟಿಲ್ಲ, ಎಣ್ಣೆ ಸೋರಿಲ್ಲ, ಆದರೂ ಒಬ್ಬ ಮನುಷ್ಯನ ಕಾಲಿಗೆ ಅದು ಬಗ್ಗುವುದಿಲ್ಲ. ಮತ್ತೆ ಕೀ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಮೆತ್ತಗೆ ಇಳಿಯುತ್ತದೆ.

ನಾನು ಜೀಪಿನಿಂದ ಇಳಿಯಲಾರದೆ ಕೂತುಬಿಟ್ಟೆ. ತಲೆಸುತ್ತೇ ಎಂದು ಸರ್ ನೀರು ತರಿಸಿದರು. ನನ್ನ ಕಣ್ಣ ಮುಂದೆ ಎರಡು ವರ್ಷದ ಹಿಂದಿನ ಮಳೆಗಾಲ.

ಈ ಮಾತು ನಿಮಗೆ ನೋವು ಕೊಡುತ್ತದೆ, ಆದರೆ ಬರೆಯದಿದ್ದರೆ ಆಗುವುದಿಲ್ಲ. ಅವತ್ತು ಗೆದ್ದೈ ತಿರುವಿನಲ್ಲಿ ಸೆಲ್ವ ಓಡಿಸುತ್ತಿದ್ದ ಗಾಡಿ ಬಂಡೆಗೆ ಒರಗಿ ನಿಂತಿತ್ತು. ಗಿರಿಧರಣ್ಣ ಕೂತ ಬದಿ ನುಜ್ಜಾಗಿತ್ತು, ಎಂಜಿನ್ನಿಗೆ ಏನೂ ಆಗಿರಲಿಲ್ಲ. ತಪಾಸಣೆಗೆ ಬಂದವರು ಎಂಜಿನ್ ಚಾಲೂ ಮಾಡಿ ತುಳಿದು ನೋಡಿ, ಬ್ರೇಕು ಸರಿಯಾಗಿದೆ ಎಂದರು. ಬ್ರೇಕ್ ಹಿಡಿಯಲಿಲ್ಲ ಎಂದು ಸೆಲ್ವ ಒಂದೇ ಮಾತು ಹೇಳುತ್ತಿದ್ದರು. ಹಟ್ಟಿಯವರು ಕುಡಿದಿದ್ದ ಎಂದರು, ನಿದ್ದೆ ಮಾಡಿದ ಎಂದರು. ನೀವು ನನಗೆ ಹೇಳಿದ್ದೂ ನೆನಪಿದೆ, ನಿದ್ದೆ ಬಂತು ಅಂತ ಹೇಳಲಿ, ಕುಡಿದಿದ್ದೆ ಅಂತ ಹೇಳಲಿ, ನಾ ಕೇಳ್ವೆ, ಬ್ರೇಕಿನ ಮೇಲೆ ಹಾಕೋದು ಬೇಡ ಅಂತ. ಆ ವರ್ಷ ಹೆತ್ತೆಯಮ್ಮನ ಹಬ್ಬದಲ್ಲಿ ಹಿರಿಯರೆಲ್ಲರ ಮುಂದೆ ಬಾಗಿ ತಲೆಯ ಮೇಲೆ ಕೈ ಇಡಿಸಿಕೊಂಡು ಹರಕೆ ಪಡೆಯುತ್ತಾ ಬಂದ ಸೆಲ್ವ ನಿಮ್ಮ ಮುಂದೆಯೂ ಬಾಗಿದರು. ನೀವು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿರಿ. ನಿಮ್ಮ ಮೇಲೆ ನನಗೆ ಕೋಪ ಬಂದಿಲ್ಲ ಅಕ್ಕ, ಗಂಡನನ್ನು ಕಳೆದುಕೊಂಡವರ ಮೇಲೆ ಯಾರು ಕೋಪಿಸಿಕೊಳ್ಳುತ್ತಾರೆ. ಆದರೆ ಆ ಬಾಗಿದ ತಲೆ ಇನ್ನೂ ಮೇಲೆದ್ದಿಲ್ಲ.

ಅವರು ಸುಳ್ಳು ಹೇಳಿರಲಿಲ್ಲ. ನಿದ್ದೆಯಲ್ಲಿ ಎಷ್ಟೋ ಸಲ ಕಾಲು ಒದೆದು, ಕಲ್ಲು, ಕಲ್ಲು ಅನ್ನುತ್ತಾರೆ. ರಸ್ತೆಯ ಕಲ್ಲು ಎಂದುಕೊಂಡಿದ್ದೆ. ಅದು ಪೆಡಲ್. ಕುಡಿದವನೂ ಅಲ್ಲ, ಮಲಗಿದವನೂ ಅಲ್ಲ, ನಿಮ್ಮ ಗಂಡನನ್ನು ಉಳಿಸಲು ಎರಡೂ ಕಾಲಲ್ಲಿ ಕಲ್ಲನ್ನು ತುಳಿಯುತ್ತಿದ್ದವರು. ಇಷ್ಟನ್ನು ತಿಳಿಯಲು ಒಂದು ಕಾಲೇಜು ಬೇಕಾಯಿತು, ಆ ಕಾಲೇಜಿಗೆ ನನ್ನನ್ನು ಕಳಿಸಿದವರು ನೀವು. ಈ ಋಣವನ್ನು ಯಾವ ಮಾತಿನಲ್ಲಿ ತೀರಿಸಲಿ?

ರಾತ್ರಿ ಊಟಕ್ಕೆ ಕೂತಾಗ ತಡೆಯಲಾಗಲಿಲ್ಲ. ನಾಳೆ ಮಗು ಇರುತ್ತದೆ, ಕೀ ಆರಿಸಬೇಡಿ, ಎರಡನೆಯ ಗೇರಿನಲ್ಲೇ ಇಳಿಸಿ ಎಂದೆ. ಲ್ಯಾಬಿನದನ್ನೂ ಹೇಳಿದೆ. ಗಟ್ಟ ಇಳಿವವನಿಗ ನೀ ಏಕ ಪಾಠ ಹೇಳ್ವೆ ಕೂಸೇ ಎಂದು ಅತ್ತೆ ಗದರಿದರು. ಸೆಲ್ವ ಮುರಿದ ಮುದ್ದೆ ತಟ್ಟೆಯಲ್ಲಿ ಹಾಗೇ ಇತ್ತು. ಬಸ್ಸಿನಲ್ಲಾದರೂ ಹೋಗಲಿ ಎಂದೆ. ಮೊದಲ ಬಸ್ಸು ಇಳಿಯುವ ಹೊತ್ತಿಗೆ ಡಾಕ್ಟರು ಎದ್ದು ಹೋಗಿರುತ್ತಾರೆ. ಮಗುವನ್ನು ಕಳಿಸುವುದಿಲ್ಲ ಎಂದು ನಾನು ಹಟ ಹಿಡಿದರೆ ಸೆಲ್ವ ಮಗುವನ್ನು ಇಳಿಸಿಬಿಡುತ್ತಾರೆ. ಆಮೇಲೆ ಒಬ್ಬರೇ ಹೋಗುತ್ತಾರೆ, ಎಂಜಿನ್ ಆರಿಸಿಯೇ. ಪರೀಕ್ಷೆ ಬಿಟ್ಟು ನಾನೇ ಪಕ್ಕದಲ್ಲಿ ಕೂರಬಲ್ಲೆ. ಕೂತರೆ ಅವರ ಕೈ ಕೀಯಿಂದ ದೂರವಿರುತ್ತದೆಯೇ? ಹೆಂಡತಿಯ ಮಾತಿಗೆ ಆಗದ್ದು ಇದು.

ನಿಮ್ಮ ಮಾತಿಗೆ ಆಗುತ್ತದೆ. ಅವರಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದವರು ನೀವು, ಹಟ್ಟಿಯಲ್ಲಿ ಮೊದಲು ಜೀಪು ಬಿಟ್ಟ ಹೆಣ್ಣು ನೀವು. ನಿಮ್ಮ ನಂಬರನ್ನು ಅವರು ಫೋನಿನಿಂದ ತೆಗೆದಿಲ್ಲ. ಅಕ್ಕ ಎಂದಷ್ಟೇ ಇದೆ, ಎಲ್ಲರಿಗಿಂತ ಮೇಲೆ.

ಇನ್ನು ನಿಲ್ಲಿಸುತ್ತೇನೆ. ಅತ್ತೆ ನಾಲ್ಕೂವರೆಗೆ ಏಳುತ್ತಾರೆ, ಮಗುವಿಗೆ ಹಾಲು ಕಾಸಬೇಕು. ನೀವು ಕೊಟ್ಟ ಓದಿಗೆ, ಟೋಪಿಗೆ, ಅವತ್ತು ಒಲೆಯ ಮುಂದೆ ಆಡಿದ ಮಾತಿಗೆ, ಎಲ್ಲಕ್ಕೂ ಸೇರಿಸಿ ತಲೆ ಬಾಗಿದ್ದೇನೆ. ನಿಮ್ಮ ಶಾಲೆಯ ಮಕ್ಕಳು ಚೆನ್ನಾಗಿರಲಿ, ನಿಮ್ಮ ಮಂಡಿನೋವು ಇಳಿಯಲಿ, ಹೆತ್ತೆಯಮ್ಮ ನಿಮ್ಮನ್ನು ಕಾಯಲಿ. ನನ್ನ ತಲೆಯ ಮೇಲೆ ಅಲ್ಲಿಂದಲೇ ಕೈ ಇಡಿ.

ನಿಮ್ಮ
ಸಿಂಧುಜಾ

ಮರೆತು ಬಿಟ್ಟದ್ದಲ್ಲ, ಹೆದರಿ ಬಿಟ್ಟದ್ದು:

ರಾತ್ರಿ ಊಟ ಬಿಟ್ಟೆದ್ದು ಲೋಡಿಗೆ ಹೊರಟ ಸೆಲ್ವ ಬಾಗಿಲಲ್ಲಿ ನಿಂತರು. ಅತ್ತೆ ಒಳಗಿದ್ದರು. ಇಷ್ಟೆಲ್ಲ ತಿಳಿದ ಮೇಲೂ ಕೀ ಏಕೆ ಆರಿಸುತ್ತೀರಿ, ನಿಮಗೆ ನಮ್ಮ ಮೇಲೆ ದಯೆ ಇಲ್ಲವೇ ಎಂದು ನಾನು ಕೇಳಿದ್ದೆ. ಅವರು ನನ್ನನ್ನು ನೋಡದೆ ಹೇಳಿದರು.

"ಅವತ್ತು ಕೀ ತಿರುಗಿಸಿದ್ದು ನಾ ಅಲ್ಲ. ಮಳೆ ಇತ್ತು, ಎನಗ ಹೆದರಿಕೆ ಆಗಿ ಗೇರಲ್ಲೇ ಇಳಿತಿದ್ದೆ. ಬಾವ ನಗ್ತಾ ಕೈ ಚಾಚಿ ಆರಿಸಿದ. ಅದ ನಾ ಯಾರಿಗ ಹೇಳಲಿ? ಅಕ್ಕಗ ಅವ ಒಂದು ಸಲ ಸತ್ತದು ಸಾಕು."

ಅದಕ್ಕೇ ಇನ್ನೂ ಹಾಗೇ ಇಳಿಯುತ್ತಾರೆ ಅಕ್ಕ. ಇವತ್ತಿನಿಂದ ಗೇರಿನಲ್ಲಿ ಇಳಿದರೆ ಹಟ್ಟಿಯವರು ಏಕೆ ಎಂದು ಕೇಳುತ್ತಾರೆ, ಅವತ್ತು ಎಂಜಿನ್ ಆರಿಸಿದ್ದೇ ತಪ್ಪಾ ಅನ್ನುತ್ತಾರೆ, ಆರಿಸಿದ್ದು ಯಾರು ಅನ್ನುತ್ತಾರೆ. ಗಿರಿಧರಣ್ಣನ ಹೆಸರು ಬರಬಾರದೆಂದು ಇವರು ಕುಡುಕನಾದರು, ಸುಳ್ಳನಾದರು, ನಿಮ್ಮ ಕೈ ಕಳೆದುಕೊಂಡರು. ಈಗ ಅದೇ ಹೆಸರಿಗಾಗಿ ನನ್ನ ಮಗುವನ್ನು ಕೂರಿಸಿಕೊಂಡು ಇಳಿಯುತ್ತಾರೆ.

ಗಿರಿಧರಣ್ಣನ ಮೇಲೂ ನನಗೆ ಪ್ರೀತಿ ಹೋಗಿಲ್ಲ. ಅವರಿಗೆ ಗೊತ್ತಿರಲಿಲ್ಲ, ಈ ಬೆಟ್ಟದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದನ್ನು ನಿಮಗೆ ಬರೆದು ನಾನು ನಿಮ್ಮ ಗಂಡನನ್ನು ಎರಡನೆಯ ಸಲ ಕೊಂದಿದ್ದರೆ ನನ್ನನ್ನು ಬೈಯಿರಿ, ಜನ್ಮವಿಡೀ ಮಾತು ಬಿಡಿ, ನಾನು ಸಹಿಸುತ್ತೇನೆ. ಬೈಗುಳ ನಾಳೆಗಿರಲಿ. ಅವರಿಗೆ ಕ್ಷಮೆ ಹೇಳಬೇಕಾಗಿಲ್ಲ, ಹಳೆಯದನ್ನು ಎತ್ತಬೇಕಾಗಿಲ್ಲ, ನಾನು ಬರೆದೆ ಎಂದೂ ಹೇಳಬೇಡಿ. ಗೇರು ಹಾಕಿ ಇಳಿ ತಮ್ಮಾ ಎಂದಷ್ಟೇ ಹೇಳಿ, ಅವರಿಗೆ ಅರ್ಥವಾಗುತ್ತದೆ. ಐದಕ್ಕೆ ಗಾಡಿ ಹೊರಡುತ್ತದೆ. ಬೆಳಗಾಗುವ ಮೊದಲು ಒಂದು ಸಲ ಫೋನ್ ಮಾಡಿ ಅಕ್ಕ. ನನಗಲ್ಲ, ಅವರಿಗೆ ಮಾಡಿ.